ಧ್ವನಿ ನಿಯಂತ್ರಣಕ್ಕೂ ಬೇಕು ಸೂಕ್ಷ್ಮತೆ

ಸಾರ್ವಜನಿಕ ಸಭಾಂಗಣಗಳಿಗೆ ಧ್ವನಿವ್ಯವಸ್ಥೆ ಕೊಳ್ಳುವಾಗ ವಾಟ್‌ಗಳನ್ನಷ್ಟೇ ಎಣಿಸಿದರೆ ಸಾಲದು. ಈಕ್ವಲೈಸರ್‌ನ ನಿಖರತೆಯನ್ನೂ ಪರಿಶೀಲಿಸಬೇಕು. 31 ಪಟ್ಟಿಗಳ ಗ್ರಾಫಿಕ್ ಈಕ್ವಲೈಸರ್‌ನಲ್ಲಿ ಒಂದೊಂದು ಗುಂಡಿಯೂ ಸ್ಥಾಯಿಯ ಮೂರನೆಯ ಒಂದು ಭಾಗವನ್ನು, ಅಂದರೆ 12 ಸ್ವರಸ್ಥಾನಗಳಲ್ಲಿ ನಾಲ್ಕರಷ್ಟು ಹರವನ್ನು ಆಳುತ್ತದೆ. ಮೈಕ್ ಊಳಿಡುವ ಒಂದು ಕಂಪನಾಂಕವನ್ನು ಅಡಗಿಸಹೊರಟರೆ ವೀಣೆಯ ನೆರೆಸ್ವರಗಳೂ ಸೊರಗುತ್ತವೆ.

ಜಾರ್ಜ್ ಮ್ಯಾಸೆನ್‌ಬರ್ಗ್ 1972ರಲ್ಲಿ ಮಂಡಿಸಿದ ಪ್ಯಾರಾಮೆಟ್ರಿಕ್ ವಿಧಾನದಲ್ಲಿ ಕಂಪನಾಂಕ, ಏರಿಳಿತ, ಅಗಲ ಈ ಮೂರನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಆದರೆ ಹೊಂದಿಸುವ ಹೆಜ್ಜೆಯೇ ಒರಟಾದರೆ ಆ ಲಾಭ ವ್ಯರ್ಥ. 1,000 ಹರ್ಟ್ಸ್ ಬಳಿ ಒಂದು ಸ್ವರಸ್ಥಾನದ ಅಂತರ ಸುಮಾರು 60 ಹರ್ಟ್ಸ್. 100ರ ಬಳಿ ಕೇವಲ 6. ಅಲ್ಲಿ 10 ಹರ್ಟ್ಸ್‌ಗಳ ಹೆಜ್ಜೆ ಗುರಿಯನ್ನೇ ದಾಟಿಬಿಡುತ್ತದೆ. ಆದ್ದರಿಂದ ಹೆಜ್ಜೆಗಳು ಸಮಾನ ಹರ್ಟ್ಸ್‌ಗಳಲ್ಲಿರದೆ ಸ್ಥಾಯಿಯ ಅನುಪಾತಕ್ಕೆ ತಕ್ಕಂತಿರಬೇಕು, ಸ್ವರಸ್ಥಾನಕ್ಕಿಂತ ಕಿರಿದಾಗಿರಬೇಕು ಎಂಬ ಒಂದು ಷರತ್ತನ್ನು ಟೆಂಡರಿಗೆ ಸೇರಿಸುವುದು ಅಗತ್ಯ.