ರಜೆ ಮುಗಿಯಿತು, ಬಾರದ ಮಗುವನ್ನು ಕೇಳುವವರಾರು?

ದಸರಾ ರಜೆ ಮುಗಿದು ಪ್ರಾಥಮಿಕ ಶಾಲೆಗಳು ಎರಡನೆಯ ಅವಧಿಗೆ ಬಾಗಿಲು ತೆರೆಯುತ್ತಿದ್ದಂತೆಯೇ ಶಿಕ್ಷಕರ ಮೊಬೈಲ್‌ಗಳಲ್ಲಿ ಜ್ಞಾಪನೆಗಳ ಮಳೆ ಆರಂಭವಾಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಹೊರಟ ಸೂಚನೆಯು ಸಮೂಹ ಸಂಪನ್ಮೂಲ ವ್ಯಕ್ತಿಯ ಮೂಲಕ ಮುಖ್ಯೋಪಾಧ್ಯಾಯರಿಗೆ, ಅಲ್ಲಿಂದ ಸಹಶಿಕ್ಷಕರಿಗೆ ರವಾನೆಯಾಗುತ್ತದೆ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಪಡೆದವರೆಷ್ಟು ಎಂಬ ಲೆಕ್ಕವನ್ನು ಇಂದೇ ಕಳುಹಿಸಬೇಕು. ಮಕ್ಕಳ ಆಧಾರ್ ವಿವರವನ್ನು ಶಾಲಾ ದಾಖಲೆಯೊಂದಿಗೆ ಹೊಂದಿಸಬೇಕು. ಅಂಕಗಳನ್ನು ತಂತ್ರಾಂಶಕ್ಕೆ ಏರಿಸಬೇಕು. ಪ್ರತಿಭಾ ಕಾರಂಜಿಗೆ ಹೆಸರು ಕೊಡಬೇಕು. ನವೆಂಬರ್ 1ರ ರಾಜ್ಯೋತ್ಸವ, ಮೌಲಾನಾ ಆಝಾದರ ಜನ್ಮದಿನವಾದ 11ರ ರಾಷ್ಟ್ರೀಯ ಶಿಕ್ಷಣ ದಿನ, 14ರ ಮಕ್ಕಳ ದಿನಾಚರಣೆ - ಇವೆಲ್ಲವನ್ನು ಆಚರಿಸಿ ಭಾವಚಿತ್ರ ಹಾಕಬೇಕು. ಇಷ್ಟೆಲ್ಲ ಕೇಳುವ ಈ ವಾರದ ಪಟ್ಟಿಯಲ್ಲಿ ಒಂದು ಪ್ರಶ್ನೆಗೆ ಮಾತ್ರ ಸ್ಥಾನವಿರುವುದಿಲ್ಲ. ರಜೆ ಮುಗಿದರೂ ಶಾಲೆಗೆ ಮರಳದ ಮಗು ಯಾವುದು? ಅದು ಈಗ ಎಲ್ಲಿದೆ?

ಶಿಕಾರಿಪುರ ಮತ್ತು ಸೊರಬ ತಾಲೂಕುಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಳೆ ಹಿಂದೆ ಸರಿಯುವ ಈ ಕಾಲವು ಅಲ್ಲಿನ ದುಡಿಯುವ ಕುಟುಂಬಗಳಿಗೆ ಬಿಡುವಿಲ್ಲದ ಕಾಲ. ಶಿಕಾರಿಪುರದ ಬಯಲು ಭಾಗದಲ್ಲಿ ಮೆಕ್ಕೆಜೋಳದ ಕಟಾವು, ಸೊರಬದ ಗದ್ದೆಗಳಲ್ಲಿ ತೆನೆಗಟ್ಟುತ್ತಿರುವ ಭತ್ತದ ಕಾವಲು, ತೋಟಗಳಲ್ಲಿ ಅಡಿಕೆ ಕೊಯ್ಲು. ಭೂಮಿ ಹುಣ್ಣಿಮೆಯಂದು ರೈತ ಕುಟುಂಬಗಳು ಫಲ ಹೊತ್ತ ಭೂಮಿಗೆ ಬಯಕೆಯೂಟ ಬಡಿಸುವ ಹೊತ್ತಿದು. ಇದೇ ಹೊತ್ತಿನಲ್ಲಿ ಕೂಲಿಯವನ ಮನೆಯಲ್ಲಿ ತಾಯಿ ಅಡಿಕೆ ಸುಲಿಯಲು ಹೋದರೆ ಕೂಸನ್ನು ನೋಡಿಕೊಳ್ಳಲು ನಾಲ್ಕನೆಯ ತರಗತಿಯ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಶಿರಾಳಕೊಪ್ಪದಂತಹ ಪೇಟೆಗಳಲ್ಲಿ ರಜೆಯೆಂದು ಗ್ಯಾರೇಜಿಗೋ ಅಂಗಡಿಗೋ ಹೋದ ಹುಡುಗ ಕೈಗೆ ನಾಲ್ಕು ಕಾಸು ಬರತೊಡಗಿದ ಮೇಲೆ ಅಲ್ಲೇ ನಿಂತುಬಿಡುವ ಅಪಾಯವಿದೆ. ಮೊದಲ ವಾರದಲ್ಲೇ ಯಾರಾದರೂ ಅವನ ಮನೆಗೆ ಹೋಗಿ ವಿಚಾರಿಸಿದರೆ ಮರಳಿ ಬರುತ್ತಾನೆ. ಎರಡು ತಿಂಗಳು ಕಳೆದರೆ ಅವನು ಹಾಜರಿ ಪುಸ್ತಕದ ಒಂದು ಖಾಲಿ ಸಾಲು ಮಾತ್ರ. ಆದರೆ ಮನೆಗೆ ಹೋಗಿ ವಿಚಾರಿಸಬೇಕಾದ ಶಿಕ್ಷಕರ ಆ ಮೊದಲ ವಾರವನ್ನು ನಾವು ಬೇರೆ ಕೆಲಸಕ್ಕೆ ಬರೆದುಕೊಟ್ಟಿದ್ದೇವೆ.

2025ರ ಶರತ್ಕಾಲದಲ್ಲಿ ಇದು ಅತಿರೇಕಕ್ಕೆ ಹೋಯಿತು. ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ರಂದು ಆರಂಭವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಗಣತಿದಾರರಲ್ಲಿ ಬಹುಪಾಲು ಸರಕಾರಿ ಶಾಲೆಗಳ ಶಿಕ್ಷಕರು. ಮನೆಮನೆಗೆ ಹೋಗಿ ಸುಮಾರು 60 ಪ್ರಶ್ನೆಗಳಿಗೆ ಉತ್ತರ ಪಡೆದು ಮೊಬೈಲ್‌ನಲ್ಲಿ ದಾಖಲಿಸುವ ಹೊಣೆ ಅವರದಾಯಿತು. ವಿದ್ಯುತ್ ಮೀಟರಿನ ಆಧಾರದಲ್ಲಿ ಮನೆ ಹುಡುಕಿಕೊಂಡು, ನೆಟ್‌ವರ್ಕ್ ಸಿಗದ ಕಡೆ ಗುಡ್ಡ ಹತ್ತಿ ಇಳಿಯುತ್ತಾ ರಜೆಯ ದಿನಗಳು ಕಳೆದುವು. ಅವಧಿಯೊಳಗೆ ಕೆಲಸ ಮುಗಿಯಲಿಲ್ಲ. ಆಗ ಸರಕಾರ ಮಾಡಿದ್ದೇನು? ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರ ವರೆಗೆ ವಿಸ್ತರಿಸಿತು! ಮರುದಿನ ರವಿವಾರ, ಅದರ ಬೆನ್ನಿಗೇ ದೀಪಾವಳಿ. ಸೆಪ್ಟೆಂಬರ್ 20ರಂದು ಮನೆ ಸೇರಿದ ಸರಕಾರಿ ಶಾಲೆಯ ಮಗುವಿನ ಕೈಗೆ ಹೆಚ್ಚು ಕಡಿಮೆ ಒಂದು ತಿಂಗಳ ಕಾಲ ಪುಸ್ತಕ ಬರಲಿಲ್ಲ. ಖಾಸಗಿ ಶಾಲೆಗೆ ಹಣ ಕಟ್ಟುವವರ ಮಕ್ಕಳು ಅಷ್ಟರಲ್ಲಿ ಪಾಠ ಕೇಳುತ್ತಿದ್ದರು. ಆ ದಿನಗಳ ನಷ್ಟವನ್ನು ಹೊತ್ತದ್ದು ಬಡವರ ಮಕ್ಕಳು ಮಾತ್ರ. ಸಮೀಕ್ಷೆಯ ಕರ್ತವ್ಯದಲ್ಲಿದ್ದ ಮೂವರು ಸಿಬ್ಬಂದಿ ಮೃತಪಟ್ಟು, ಅವರ ಕುಟುಂಬಗಳಿಗೆ ತಲಾ 20 ಲಕ್ಷ ರೂಪಾಯಿ ಪರಿಹಾರವನ್ನು ಸರಕಾರ ಘೋಷಿಸಬೇಕಾಯಿತು. ಬಳಿಕ ಸಮೀಕ್ಷೆಯ ಅವಧಿಯನ್ನು ಅಕ್ಟೋಬರ್ 31ರ ವರೆಗೆ ಮುಂದುವರಿಸಿದಾಗ ಶಿಕ್ಷಕರನ್ನು ಕೈಬಿಡಲಾಯಿತು. ಅವರಿಲ್ಲದೆಯೂ ಗಣತಿ ಸಾಧ್ಯವಿದೆ ಎಂದಾದರೆ ಆ ಬುದ್ಧಿ ಮೊದಲೇ ಏಕೆ ಹೊಳೆಯಲಿಲ್ಲ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ನಾವು ಸಮೀಕ್ಷೆಯ ವಿರೋಧಿಗಳಲ್ಲ. ಹಿಂದುಳಿದವರ ಸ್ಥಿತಿಗತಿಯನ್ನು ಅಂಕಿಅಂಶಗಳಿಲ್ಲದೆ ಸಾಬೀತುಪಡಿಸಲು ಸಾಧ್ಯವಿಲ್ಲ ಎಂಬುದನ್ನು ಮುಸ್ಲಿಮ್ ಸಮುದಾಯದಷ್ಟು ಚೆನ್ನಾಗಿ ಅರಿತವರು ಬೇರಿರಲಾರರು. 2006ರ ಸಾಚಾರ್ ಸಮಿತಿಯ ವರದಿ ಬರುವವರೆಗೆ, ಮುಸ್ಲಿಮ್ ಮಕ್ಕಳೆಲ್ಲ ಮದ್ರಸಗಳಲ್ಲೇ ತುಂಬಿದ್ದಾರೆ ಎಂಬ ಸುಳ್ಳು ದೇಶದಲ್ಲಿ ನಿರಾತಂಕವಾಗಿ ಓಡಾಡುತ್ತಿತ್ತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಶೇಕಡಾ 3ರಷ್ಟು ಮಾತ್ರ ಎಂದು ಆ ವರದಿ ತೋರಿಸಿಕೊಟ್ಟಿತು. ಅದೇ ವರದಿ ಇನ್ನೊಂದು ಕಹಿ ಸತ್ಯವನ್ನೂ ಹೇಳಿತು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದರು. ಎಣಿಕೆಯ ಬೆಲೆ ನಮಗೆ ಗೊತ್ತಿದೆ. ಆದರೆ ಶಾಲೆ ಬಿಟ್ಟ ಮಕ್ಕಳೆಷ್ಟು ಎಂದು ತಿಳಿಯುವುದಕ್ಕಾಗಿ ಶಾಲೆಯನ್ನೇ ಮುಚ್ಚುವುದೆಂದರೆ, ಜ್ವರದ ಲೆಕ್ಕ ಬರೆಯಲು ವೈದ್ಯನನ್ನು ರೋಗಿಯ ಮಂಚದಿಂದ ಎಬ್ಬಿಸಿ ಕರೆದೊಯ್ದಂತೆ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಸೆಕ್ಷನ್, ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ - ಈ ಮೂರನ್ನು ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಅದೇ ಕಾಯಿದೆಯ ಪ್ರಕಾರ ಐದನೆಯ ತರಗತಿಯ ವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರ ವರೆಗೆ 220 ದಿನ ಶಾಲೆ ನಡೆಯಬೇಕು. ಪಾಠದ ಸಿದ್ಧತೆಯೂ ಸೇರಿ ಶಿಕ್ಷಕರ ದುಡಿಮೆ ವಾರಕ್ಕೆ 45 ಗಂಟೆ. ದಿನಕ್ಕೆ ಒಂದೇ ಒಂದು ಗಂಟೆ ಮೊಬೈಲ್ ತುಂಬಿಸುವುದರಲ್ಲಿ ಕಳೆದುಹೋಯಿತೆಂದು ಇಟ್ಟುಕೊಳ್ಳಿ. ವಾರಕ್ಕೆ ಆರು ಗಂಟೆ, ಅಂದರೆ ಎಂಟರಲ್ಲೊಂದು ಪಾಲಿಗಿಂತ ಹೆಚ್ಚು. 60ರೊಳಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಕಾನೂನು ಕೊಡುವುದು ಇಬ್ಬರು ಶಿಕ್ಷಕರನ್ನು. ಅಲ್ಲಿ ಗುಮಾಸ್ತರಿಲ್ಲ. ಒಬ್ಬರು ಮಾಹಿತಿ ಕೊಡಲು ಕುಳಿತರೆ ಐದೂ ತರಗತಿಗಳ ಮಕ್ಕಳು ಇನ್ನೊಬ್ಬರ ಪಾಲಿಗೆ.

ಹಾಗಾದರೆ ಜ್ಞಾಪನೆಗಳೇ ಬೇಡವೇ? ಬೇಕು. ಆದರೆ ಯಾವುದನ್ನು ನೆನಪಿಸಬೇಕು ಎಂಬುದರಲ್ಲಿ ವಿವೇಕ ಬೇಕು. ಮಂಗನ ಕಾಯಿಲೆ ಎಂದು ನಾವು ಕರೆಯುವ ರೋಗಕ್ಕೆ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿರುವ ಹೆಸರು ಸೊರಬ ತಾಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ಅಲ್ಲಿಯೇ. ಮಳೆ ನಿಂತು ಕಾಡು ಒಣಗತೊಡಗಿದ ಮೇಲೆ ಉಣುಗುಗಳ ಮೂಲಕ ಅದು ಮತ್ತೆ ತಲೆಯೆತ್ತುತ್ತದೆ. ಸೌದೆಗೆ, ದನ ಮೇಯಿಸಲಿಕ್ಕೆ ಕಾಡಿಗೆ ಹೋಗುವ ಮಕ್ಕಳಿರುವ ಈ ಸೀಮೆಯ ಶಾಲೆಗಳಿಗೆ ನವೆಂಬರ್‌ನ ಮೊದಲ ಜ್ಞಾಪನೆ ಇದೇ ಆಗಿರಬೇಕು. ಮಕ್ಕಳು ಕಾಡಿನಿಂದ ಬಂದು ಮೈ ತೊಳೆದುಕೊಂಡರೇ, ಸತ್ತ ಮಂಗ ಕಂಡರೆ ಮುಟ್ಟದೆ ಯಾರಿಗೆ ತಿಳಿಸಬೇಕು, ಜ್ವರ ಬಂದ ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕು - ಇವು ಈ ಊರಿನ ಪ್ರಶ್ನೆಗಳು. ನಾಲ್ಕು ತಿಂಗಳು ಮಳೆಯಲ್ಲಿ ನೆನೆದ ಗೋಡೆ, ಸೋರಿದ ಹೆಂಚು, ಅಡುಗೆ ಕೋಣೆಯ ನೀರಿನ ತೊಟ್ಟಿ - ಇವನ್ನು ನೋಡಿಕೊಳ್ಳಬೇಕಾದ ಕಾಲವೂ ಇದೇ. ರಾಜ್ಯಕ್ಕೆಲ್ಲ ಒಂದೇ ಅಚ್ಚಿನಲ್ಲಿ ಹೊರಡುವ ಸುತ್ತೋಲೆಗೆ ಇದಾವುದೂ ಕಾಣಿಸದು. ಅದನ್ನು ಬಲ್ಲವರು ಆ ಶಾಲೆಯ ಶಿಕ್ಷಕರು, ಅಡುಗೆಯವರು ಮತ್ತು ಹೆತ್ತವರು.

ಶಿಕ್ಷಕರ ಕೈಗೆ ಹೊಣೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯನ್ನು ರೂಪಿಸಿದವರು ಸ್ವತಃ ಶಿಕ್ಷಕರು. ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ಕಾಡಂಚಿನ ಮಕ್ಕಳಿಗೆ ತಕ್ಕಂತೆ ಕಲಿಕೆಯ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಕೆಲಸಕ್ಕೆಂದು ಕೆಲವು ದಿನ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬುದು ಅದರ ತಿರುಳು. ಅನಂತರ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಂತಹ ಶಿಕ್ಷಕ ವರ್ಗವನ್ನು ಇಂದು ಮೊಟ್ಟೆಯ ಲೆಕ್ಕ ಕಳುಹಿಸುವ ಗುಮಾಸ್ತರ ಮಟ್ಟಕ್ಕೆ ಇಳಿಸಲಾಗಿದೆ. ಮೊಟ್ಟೆ ಬೇಡವೆಂದು ಇದರ ಅರ್ಥವಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯ ಮಠದ ಕುರಿತ 1162ರ ಶಾಸನವು ಅದನ್ನು ವಿದ್ಯೆಯ ನೆಲೆಯೆಂದು ಮಾತ್ರವಲ್ಲ, ಬಡವರಿಗೂ ಅಂಗವಿಕಲರಿಗೂ ಅನ್ನ ದೊರೆಯುವ, ರೋಗಿಗಳಿಗೆ ಮದ್ದು ದೊರೆಯುವ ತಾಣವೆಂದೂ ಬಣ್ಣಿಸುತ್ತದೆ. ಹಸಿದವನಿಗೆ ಅಕ್ಷರ ರುಚಿಸದು ಎಂಬ ಅರಿವು ಈ ನೆಲಕ್ಕೆ ಹೊಸದಲ್ಲ. ಅನ್ನವೂ ಬೇಕು, ಅಕ್ಷರವೂ ಬೇಕು. ಅನ್ನದ ಲೆಕ್ಕ ಬರೆಯುವುದರಲ್ಲಿ ಅಕ್ಷರದ ಹೊತ್ತು ಮುಗಿದುಹೋಗಬಾರದು ಎಂಬುದಷ್ಟೇ ನಮ್ಮ ವಾದ.

ಈ ಎರಡು ತಾಲೂಕುಗಳು ರಾಜಕೀಯವಾಗಿ ಅನಾಥವಾದುವುಗಳೇನೂ ಅಲ್ಲ. ಸೊರಬದಿಂದ ಎಸ್. ಬಂಗಾರಪ್ಪ, ಶಿಕಾರಿಪುರದಿಂದ ಬಿ.ಎಸ್. ಯಡಿಯೂರಪ್ಪ ರಾಜ್ಯದ ಮುಖ್ಯಮಂತ್ರಿಗಳಾದರು. 2023ರಲ್ಲಿ ಶಾಲಾ ಶಿಕ್ಷಣ ಇಲಾಖೆಯ ಹೊಣೆ ಬಂದುದೂ ಸೊರಬದ ಶಾಸಕ ಮಧು ಬಂಗಾರಪ್ಪರಿಗೆ. ಆದ್ದರಿಂದ ನಮ್ಮ ಬೇಡಿಕೆಯನ್ನು ಈ ನೆಲದಿಂದಲೇ ಮುಂದಿಡುತ್ತೇವೆ. ವಾರಕ್ಕೆ ಒಂದೇ ದಿನ, ಒಂದೇ ಪುಟದಲ್ಲಿ ಸೂಚನೆ ಬರಲಿ. ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೊಂದು ನಮೂನೆಯಲ್ಲಿ ಕೇಳುವ ಪರಿಪಾಠ ನಿಲ್ಲಲಿ. ಪ್ರತಿ ಸಮೂಹ ಕೇಂದ್ರಕ್ಕೆ ಮಾಹಿತಿ ದಾಖಲಿಸುವ ಒಬ್ಬ ನೌಕರನನ್ನು ಕೊಡಲಿ. ಸಮೀಕ್ಷೆಗಳಿಗೆ ಕೆಲಸವಿಲ್ಲದ ವಿದ್ಯಾವಂತ ಯುವಕ ಯುವತಿಯರನ್ನು ಬಳಸಿಕೊಳ್ಳಲಿ. ರಜೆಯ ನಂತರದ ಮೊದಲ ವಾರವನ್ನು ಬಾರದ ಮಕ್ಕಳ ಮನೆ ಭೇಟಿಗೆಂದು ಮೀಸಲಿಡಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಶಿಕ್ಷಕರು ಒಂದರ್ಧ ಗಂಟೆ ಕುಳಿತು ಮುಂದಿನ ವಾರದ ತಮ್ಮ ಪಟ್ಟಿಯನ್ನು ತಾವೇ ಬರೆದುಕೊಳ್ಳಲಿ. ಮೇಲಿನ ಕಚೇರಿ ಅದನ್ನು ಓದಲಿ.

ಸರಕಾರಕ್ಕೆ ಹೇಳಿ ಕೈತೊಳೆದುಕೊಂಡರೆ ನಮ್ಮ ಹೊಣೆ ತೀರಲಿಲ್ಲ. 2001ರ ಆದೇಶದಿಂದ ಅಸ್ತಿತ್ವಕ್ಕೆ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಹೆತ್ತವರಿಗೆ ಸ್ಥಾನವಿದೆ. ಆ ಕುರ್ಚಿಯಲ್ಲಿ ಕುಳಿತವರು ಧ್ವಜಾರೋಹಣದ ದಿನ ಮಾತ್ರ ಶಾಲೆಗೆ ಹೋಗುವುದಾದರೆ ಶಿಕ್ಷಕರನ್ನು ದೂರಲು ನಮಗೆ ಯಾವ ನೈತಿಕತೆ ಉಳಿಯುತ್ತದೆ? ಒಬ್ಬನೇ ಹುಡುಗ ಆಧಾರ್‌ನಲ್ಲಿ ಮೊಹಮ್ಮದ್, ಪಡಿತರ ಚೀಟಿಯಲ್ಲಿ ಮಹಮದ್, ಶಾಲೆಯಲ್ಲಿ ಮುಹಮ್ಮದ್ ಆಗಿದ್ದರೆ ಆ ಗೊಂದಲ ಬಿಡಿಸಲು ಶಿಕ್ಷಕರ ಎಷ್ಟು ಗಂಟೆಗಳು ವ್ಯರ್ಥವಾಗುತ್ತವೆ! ಜಮಾಅತಿನ ಯುವಕರು ಒಂದು ದಿನ ಕುಳಿತರೆ ಮೊಹಲ್ಲಾದ ಮಕ್ಕಳ ಹೆಸರುಗಳನ್ನೆಲ್ಲ ಸರಿಪಡಿಸಬಹುದು. ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗಿದ್ದ ಕೇಂದ್ರದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 2022ರ ನವೆಂಬರ್‌ನಲ್ಲಿ ನಿಲ್ಲಿಸಲಾಯಿತು. ಅದಕ್ಕಾಗಿ ಧ್ವನಿಯೆತ್ತಬೇಕಾದುದು ನ್ಯಾಯವೇ. ಆದರೆ ಆ ಹಣವಿಲ್ಲವೆಂದು ಪುಸ್ತಕ ಕೆಳಗಿಟ್ಟ ಮಗು ನಮ್ಮ ಬೀದಿಯಲ್ಲಿದ್ದರೆ ಅದನ್ನು ವಿಚಾರಿಸಲು ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಶುಕ್ರವಾರ ಮಸೀದಿಯಲ್ಲಿ, ಸಂತೆಯ ದಿನ ಪೇಟೆಯಲ್ಲಿ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ - ಜನ ಸೇರುವಲ್ಲೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ಈ ವಾರ ಶಾಲೆಗೆ ಬಾರದ ಮಕ್ಕಳು ಯಾರು? ಹೆಸರು ಗೊತ್ತಾದ ಮೇಲೆ ಮನೆಯ ದಾರಿ ಹುಡುಕುವುದು ಕಷ್ಟವಲ್ಲ. ಮುಂದಿನ ದಸರಾ ರಜೆ ಮುಗಿಯುವ ಮುನ್ನ ಇಲಾಖೆ ತನ್ನ ಜ್ಞಾಪನೆಗಳ ಪಟ್ಟಿಯಲ್ಲಿ ಈ ಪ್ರಶ್ನೆಯನ್ನು ಮೊದಲನೆಯದಾಗಿ ಬರೆಯಲಿ. ಅದಕ್ಕೆ ಉತ್ತರ ಹುಡುಕಲು ಶಿಕ್ಷಕರಿಗೆ ಸಮಯವನ್ನೂ ಕೊಡಲಿ. ಅವರ ಜೊತೆಗೆ ಆ ಮನೆಗಳ ತನಕ ನಡೆದು ಹೋಗುವ ಕೆಲಸ ನಮ್ಮದು.