ನಿನ್ನ ತೂಕ ಎಷ್ಟು?

ಮಕ್ಕಳೇ, ಅಮೆರಿಕದ ಹವ್ಯಾಸಿ ಪೈಲಟ್‌ಗಳ ತಮಾಷೆ ಕೇಳಿ. ಪ್ರೀತಿಸಿದವಳನ್ನು ಪುಟ್ಟ ವಿಮಾನಕ್ಕೆ ಹತ್ತಿಸುವ ಮುನ್ನ ಆಡಬೇಕಾದ ಮೊದಲ ಮಾತು, ‘ನಿನ್ನ ತೂಕ ಎಷ್ಟು?’

ಆಕೆ ನಾಚಿ ಹತ್ತು ಕಿಲೋ ಇಳಿಸಿ ಹೇಳಿದರೆ ಕೆಟ್ಟಿತು! ಸೆಸ್ನಾ 172ರಲ್ಲಿ ಸೀಟು ನಾಲ್ಕಿದ್ದರೂ, ನಾಲ್ವರು ದಢೂತಿಗಳು ಕೂತರೆ ಟ್ಯಾಂಕ್ ಪೂರ್ತಿ ತುಂಬಿಸುವಂತಿಲ್ಲ. ನಮ್ಮ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ಕೂತು ಹುಡುಕುತ್ತಿದ್ದೆವು. ಮೇಲೆ ಹೋದಮೇಲೆ ಎಲ್ಲಿ ಹುಡುಕುವುದು?

ಪಿಸುಮಾತೂ ಕಷ್ಟ. ಎಂಜಿನ್ ಗದ್ದಲಕ್ಕೆ ಇಬ್ಬರಿಗೂ ಹೆಡ್‌ಸೆಟ್. ಕೈತಪ್ಪಿ ರೇಡಿಯೊ ಗುಂಡಿ ಒತ್ತಿದರೆ ‘ಚಿನ್ನಾ’ ಎಂದದ್ದು ಕಂಟ್ರೋಲ್ ಟವರಿಗೂ ಕೇಳುತ್ತದೆ.

ಅಜ್ಜಿಯರೇ, ಚಾರ್ಲ್ಸ್ ಲಿಂಡ್‌ಬರ್ಗ್ ದಂಪತಿ 1931ರಲ್ಲಿ ಪುಟ್ಟ ವಿಮಾನದಲ್ಲಿ ಅಮೆರಿಕದಿಂದ ಜಪಾನಿಗೆ ಹಾರಿದರು. ಗಂಡ ಮುಂದೆ, ರೇಡಿಯೊ ಹಿಡಿದ ಹೆಂಡತಿ ಆನ್ ಹಿಂದೆ. ಅಷ್ಟು ದೂರವೂ ಆಕೆಗೆ ಎದುರಿಗಿದ್ದದ್ದು ಗಂಡನ ಹಿಂದಲೆ!