ಸೆಕೆಗಾಲದಲ್ಲಿ ಮಳೆರಾಗ ಯಾಕೆ?

ಏಪ್ರಿಲ್ ಬಂತು ಅಂದ್ರೆ ಸಾಕು, ನನ್ನ ಗೆಳೆಯರೆಲ್ಲ ಮಳೆರಾಗ ಹಾಕ್ಕೊಂಡು ಕೂತ್ಕೋತಾರೆ. ಮಲ್ಹಾರ್, ಮೇಘ್, ಅಮೃತವರ್ಷಿಣಿ... ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿ ಹಾಡಿ ಮಳೆ ತರಿಸಿದರು ಅನ್ನೋ ಕಥೆಯನ್ನ ನೀವೂ ಕೇಳಿರ್ತೀರಿ. ಕಥೆ ಚೆನ್ನಾಗಿದೆ, ರಾಗ ಅದಕ್ಕಿಂತ ಚೆನ್ನಾಗಿದೆ. ಆದರೆ ಸುಡುಬಿಸಿಲಲ್ಲಿ ಮಳೆರಾಗ ಕೇಳೋದು, ಹಸಿದಾಗ ಹೋಟೆಲಿನ ತಿಂಡಿ ಬೋರ್ಡ್ ಓದ್ತಾ ನಿಂತ ಹಾಗೆ :) ಹಸಿವು ಇನ್ನೂ ಜಾಸ್ತಿ ಆಗುತ್ತೆ ಅಷ್ಟೆ.

ಇನ್ನೊಂದು ಗುಂಪಿದೆ. ಅವರದ್ದು ಇಂಗ್ಲಿಷ್ 'ಸಮ್ಮರ್' ಹಾಡುಗಳು. ಬೀಚು, ಕುಣಿತ, ಕೇಕೆ. ತಿಂಗಳುಗಟ್ಟಲೆ ಚಳಿಯಲ್ಲಿ ಮುದುಡಿ ಕೂತವರಿಗೆ ಬಿಸಿಲು ಹಬ್ಬವೇ, ಒಪ್ಪೋಣ. ರಾಯಚೂರಿನ ಮೇ ತಿಂಗಳಿಗೆ ಅದು ಹೊಂದುತ್ತಾ? ಹಾಗಂತ ಆ ಕಡೆಯವರೆಲ್ಲ ಹಾಗೇನಲ್ಲ. ಇಟಲಿಯ ವಿವಾಲ್ಡಿ 1725ರಲ್ಲಿ ಪ್ರಕಟಿಸಿದ 'ನಾಲ್ಕು ಋತುಗಳು' ಇದೆಯಲ್ಲ, ಅದರ ಬೇಸಿಗೆ ಶುರುವಾಗೋದೇ ಸುಸ್ತಿನಿಂದ. ಪಿಟೀಲುಗಳು ಏದುಸಿರು ಬಿಡ್ತಾ ನಿಂತು ನಿಂತು ಸಾಗುತ್ತವೆ. ಆ ಮನುಷ್ಯನಿಗೆ ಸೆಕೆ ಗೊತ್ತಿತ್ತು.

ನಮ್ಮಲ್ಲಿ ಗ್ರೀಷ್ಮಕ್ಕೆ ಅಂತ ಹಳಬರು ಹೇಳಿದ ರಾಗ ದೀಪಕ್. ತಾನ್‌ಸೇನ್ ಅದನ್ನ ಹಾಡಿ ಮೈ ಸುಟ್ಟುಕೊಂಡ ಕಥೆಯೇ ಪ್ರಸಿದ್ಧ, ರಾಗ ಹಾಡೋರು ತೀರಾ ಕಡಿಮೆ. ಹಾಗಾಗಿ ನನ್ನ ವೋಟು ಸಾರಂಗ್ ಮನೆತನಕ್ಕೆ. ಬೃಂದಾವನಿ ಸಾರಂಗ್, ಶುದ್ಧ ಸಾರಂಗ್, ಮಧಮಾದ್ ಸಾರಂಗ್. ಎಲ್ಲಾ ನಡುಹಗಲಿನ ರಾಗಗಳು.

ಇದರಲ್ಲೊಂದು ಮಜಾ ಇದೆ. ಮಧಮಾದ್ ಸಾರಂಗ್‌ಗೂ ಮಳೆಯ ಮೇಘ್‌ಗೂ ಸ್ವರಗಳು ಅವೇ ಐದು: ಸ ರಿ ಮ ಪ ನಿ, ನಿಷಾದ ಕೋಮಲ. ನಮ್ಮ ಮಧ್ಯಮಾವತಿಗೂ ಅವೇ. ಇನ್‌ಪುಟ್ ಒಂದೇ, ಔಟ್‌ಪುಟ್ ಬೇರೆ ಬೇರೆ! ಮೇಘ್‌ನಲ್ಲಿ ರಿಷಭ ಮಧ್ಯಮವನ್ನ ಸವರಿಕೊಂಡು ತೂಗುತ್ತೆ, ಮಂದ್ರದಲ್ಲಿ ಗಮಕಗಳು ಮೋಡದ ಹಾಗೆ ಉರುಳುತ್ತವೆ. ಸಾರಂಗ್‌ನಲ್ಲಿ ಅದೇ ರಿಷಭ ಅಲುಗದೆ ನೆಟ್ಟಗೆ ನಿಲ್ಲುತ್ತೆ, ಥೇಟ್ ಹನ್ನೆರಡು ಗಂಟೆ ಬಿಸಿಲು. ಅಂದಮೇಲೆ ಸಾಹಿತ್ಯದಲ್ಲಿ ಮಳೆ ಇದೆಯೋ ಬಿಸಿಲಿದೆಯೋ ಅಂತ ಹುಡುಕಿ ಹಾಡು ಆರಿಸೋದರಲ್ಲಿ ಅರ್ಥವಿಲ್ಲ. ಸ್ವರ ಹೇಗೆ ನಿಲ್ಲುತ್ತೆ ನೋಡಿ.

ನನಗೆ ಬೇಜಾರಿರೋದು ಬೇರೆ ವಿಷಯಕ್ಕೆ. ದೊಡ್ಡ ಕಛೇರಿಗಳು ಹೆಚ್ಚಾಗಿ ಸಂಜೆಗೇ. ಕರ್ನಾಟಕ ಸಂಗೀತದವರು ಹೊತ್ತಿನ ಕಟ್ಟು ಅಷ್ಟಾಗಿ ಪಾಲಿಸಲ್ಲ, ರಾಮನವಮಿ ಕಛೇರಿಯಲ್ಲಿ ರಾತ್ರಿ ಎಂಟಕ್ಕೆ ಏನು ಬೇಕಾದ್ರೂ ಹಾಡಬಹುದು. ಹಿಂದುಸ್ತಾನಿಯವರು ಸಂಜೆಗೆ ಯಮನ್, ಪೂರಿಯಾ ಅಂತ ಹೋಗ್ತಾರೆ. ಹಾಗಾದ್ರೆ ಸಾರಂಗ್‌ಗೆ ವೇದಿಕೆ ಎಲ್ಲಿ? ಕೇಳಬೇಕಾದ ನಾವು ಆ ಹೊತ್ತಲ್ಲಿ ಆಫೀಸಿನ ಕಪ್ಪು ಗಾಜಿನ ಹಿಂದೆ, ಎಸಿಯ ಕೆಳಗೆ, ಸ್ವೆಟರ್ ಹಾಕ್ಕೊಂಡು ಕೂತಿರ್ತೀವಿ. ಹೊರಗೆ ಯಾವ ಋತು ಅಂತಲೇ ಗೊತ್ತಾಗಲ್ಲ. 'ರೆಕಾರ್ಡಿಂಗ್‌ಗೆಲ್ಲ ಹೊತ್ತು ಗೊತ್ತು ಯಾಕೋ ಮಾರಾಯ' ಅಂತ ಗೆಳೆಯನೊಬ್ಬ ನಗ್ತಾನೆ. ವೇದಿಕೆಯಲ್ಲಿ ಹೊತ್ತು ಸಿಗದ ರಾಗಕ್ಕೆ ಹೆಡ್‌ಫೋನಿನಲ್ಲಾದ್ರೂ ಸಿಗಲಿ ಅನ್ನೋದೇ ನನ್ನ ವಾದ.

ಶನಿವಾರ ಊಟ ಆದಮೇಲೆ, ಕಿಟಕಿ ಪರದೆ ಎಳೆದು, ಫ್ಯಾನ್ ಸಣ್ಣಗೆ ಇಟ್ಟು, ಬಾನ್ಸುರಿಯಲ್ಲಿ ಬೃಂದಾವನಿ ಸಾರಂಗ್ ಹಾಕಿ ನೋಡಿ. ವಾಲ್ಯೂಮ್ ಕಮ್ಮಿ ಇರಲಿ. ದೀಕ್ಷಿತರೇ ಬೇಕು ಅನ್ನೋರಿಗೆ ಬೃಂದಾವನ ಸಾರಂಗದಲ್ಲಿ ಅವರದ್ದೇ 'ರಂಗಪುರ ವಿಹಾರ' ಇದೆ. ಅಮೃತವರ್ಷಿಣಿಯನ್ನ ಜೂನ್‌ಗೆ ಎತ್ತಿಡಿ.